ಶ್ರೀಮಯಿಯ ಮನೆ

ಸ್ಟಾರ್ ಜಲ್ಸಾ ಶುರುವಾದದ್ದು 2008ರ ಸೆಪ್ಟೆಂಬರಿನಲ್ಲಿ. ಬಂಗಾಳಿ ಮನರಂಜನಾ ವಾಹಿನಿಗಳ ಪೈಕಿ ನನಗೆ ಇದರ ಮೇಲೆ ಒಂದು ಕೈ ಹೆಚ್ಚಿನ ಪ್ರೀತಿ. ಕಾರಣ ‘ಶ್ರೀಮಯಿ’. 2019ರಿಂದ 2021ರವರೆಗೆ ಓಡಿದ ಈ ಧಾರಾವಾಹಿಯನ್ನು ಬರೆದವರು ಲೀನಾ ಗಂಗೋಪಾಧ್ಯಾಯ. ಮನೆಮಂದಿಯ ಚಾಕರಿಯಲ್ಲೇ ಸವೆದ ನಡುವಯಸ್ಸಿನ ಹೆಂಗಸು ಇಲ್ಲಿ ನಾಯಕಿ. ಗಂಡನ ಕಣ್ಣಿಗೆ ಅವಳು ಬೀಳುವುದೇ ಇಲ್ಲ.

ಇಂದ್ರಾಣಿ ಹಾಲ್ದಾರ್ ಆ ಪಾತ್ರವನ್ನು ಅಳುಬುರುಕಿಯಾಗಲು ಬಿಡಲಿಲ್ಲ. ಅವಮಾನವಾದಾಗ ಮೊದಲು ಒಂದು ಅರ್ಧ ನಗು, ಆಮೇಲೆ ಮಾತು. ಅಷ್ಟರಲ್ಲೇ ನೋಡುವವರ ಹೊಟ್ಟೆ ಉರಿದಿರುತ್ತದೆ. ಎದುರಾಳಿ ಜೂನ್‌ಳ, ಅಂದರೆ ಗಂಡನ ಗೆಳತಿಯ, ಪಾತ್ರವನ್ನು ಉಷಸಿ ಚಕ್ರವರ್ತಿ ಎಷ್ಟು ಸೊಗಸಾಗಿ ಮಾಡಿದರೆಂದರೆ ‘ಜೂನ್ ಆಂಟಿ’ಯ ಮೀಮ್‌ಗಳು ಬಂಗಾಳದ ಮೊಬೈಲುಗಳನ್ನೆಲ್ಲ ತುಂಬಿದವು. ಖಳನಾಯಕಿಯನ್ನು ಜನ ಬೈಯುತ್ತಲೇ ಹಚ್ಚಿಕೊಂಡರು!

ಎಳೆದಾಟ ಇರಲಿಲ್ಲವೇ? ಇತ್ತು, ಬೇಕಾದಷ್ಟು. ಒಂದು ಮಾತಿಗೆ ಮನೆಯವರೆಲ್ಲರ ಮುಖಕ್ಕೂ ಕ್ಯಾಮೆರಾ ಸುತ್ತಿ ಬರಬೇಕು, ಹಿನ್ನೆಲೆಯಲ್ಲಿ ಢಂ ಅನ್ನಬೇಕು. ಆ ಚಟ ಯಾವ ಭಾಷೆಯ ಧಾರಾವಾಹಿಯನ್ನೂ ಬಿಟ್ಟಿಲ್ಲ. ಆದರೆ ನಡುವಯಸ್ಸು ದಾಟಿದವಳಿಗೆ ವಿಚ್ಛೇದನ ಕೊಡಿಸಿ, ಹಳೆಯ ಗೆಳೆಯ ರೋಹಿತ್ ಸೇನ್ ಜತೆ ಮದುವೆಯನ್ನೂ ಮಾಡಿಸಲು ಗುಂಡಿಗೆ ಬೇಕು.

ಕಥೆ ಬಂಗಾಳದಲ್ಲೇ ನಿಲ್ಲಲಿಲ್ಲ. ಹಿಂದಿಯಲ್ಲಿ ‘ಅನುಪಮಾ’ ಆಯಿತು, ತಮಿಳಿನಲ್ಲಿ ‘ಬಾಕ್ಯಲಕ್ಷ್ಮಿ’, ನಮ್ಮ ಸ್ಟಾರ್ ಸುವರ್ಣದಲ್ಲಿ ‘ಇಂತಿ ನಿಮ್ಮ ಆಶಾ’. ಆಶಾಳನ್ನು ನೋಡಿ ಮೆಚ್ಚಿದವರು ಒಮ್ಮೆ ಶ್ರೀಮಯಿಯನ್ನೂ ನೋಡಬೇಕು. ಬಂಗಾಳಿ ಬಾರದಿದ್ದರೂ ಇಂದ್ರಾಣಿಯ ಮುಖ ಅರ್ಥವಾಗುತ್ತದೆ.