ಚಿಕ್ಕಮ್ಮ ಬರೆದಿಟ್ಟ ಬಾಲ್ಯ

ರಷ್ಯನ್ ಕವಿ ಅಲೆಕ್ಸಾಂಡರ್ ಬ್ಲೋಕ್‌ನ ಬಾಲ್ಯದ ಬಗ್ಗೆ ಯಾರೇ ಬರೆಯಲಿ, ಮರಿಯಾ ಬೆಕೆತೊವಾ ಹತ್ತಿರ ಹೋಗಲೇಬೇಕು. ಆಕೆ ಅವನ ತಾಯಿಯ ತಂಗಿ. ನಾವು ಖಾಲಾ ಅಂತೇವಲ್ಲ, ಆ ಸಂಬಂಧ. 1921ರಲ್ಲಿ ಬ್ಲೋಕ್ ತೀರಿಕೊಂಡ. ಮರುವರ್ಷವೇ ಆಕೆ ಬರೆದ ಅವನ ಜೀವನಚರಿತ್ರೆ ಹೊರಬಂತು.

ಬ್ಲೋಕ್ ಹುಟ್ಟಿದ್ದು 1880ರಲ್ಲಿ, ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದ ಅಜ್ಜನ ಮನೆಯಲ್ಲಿ. ತಾಯಿ ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಳು. ಆ ಮನೆಯಲ್ಲಿ ಅಜ್ಜಿ ಅನುವಾದಕಿ, ತಾಯಿ ಅನುವಾದಕಿ, ಚಿಕ್ಕಮ್ಮನೂ ಅನುವಾದಕಿ. ದೊಡ್ಡಮ್ಮ ಎಕತೆರೀನಾ ಕವಿತೆ ಬರೆಯೋಳು. ಲೈಲಾಕ್ ಹೂವಿನ ಮೇಲಿನ ಆಕೆಯ ಕವಿತೆಗೆ ರಾಖ್ಮನಿನೊವ್ ಸಂಗೀತ ಕಟ್ಟಿದ್ದಾನೆ. ಅಂದರೆ ಸರಿಯಾದ ಪದಕ್ಕಾಗಿ ಹುಡುಕೋದು ಅಲ್ಲಿ ಹೆಂಗಸರ ದಿನನಿತ್ಯದ ಕೆಲಸ. 1894ರಲ್ಲಿ ಹುಡುಗ ತಾನೇ ಸಂಪಾದಕನಾಗಿ ಒಂದೇ ಪ್ರತಿಯ ಕೈಬರಹದ ಪತ್ರಿಕೆ ಶುರು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೇಳಿ ‘ಚಿಕ್ಕಮ್ಮನ ಪ್ರಭಾವ’ ಅಂತ ಮುಗಿಸಿಬಿಡಬಹುದು. ಆದರೆ ಒಂದು ತೊಡಕಿದೆ. ಆ ಬಾಲ್ಯದ ಸಾಕ್ಷಿಯೂ ಆಕೆ, ಪಕ್ಷಗಾರಳೂ ಆಕೆ. ತಂದೆ ವಾರ್ಸಾದಲ್ಲಿ ಕಾನೂನು ಪ್ರಾಧ್ಯಾಪಕ, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದವನು, ಹೆಂಡತಿಗೆ ಕ್ರೂರಿ. ಅಕ್ಕನ ನೋವು ಕಣ್ಣಾರೆ ಕಂಡ ತಂಗಿಯ ಸಿಟ್ಟು ನ್ಯಾಯವಾದದ್ದೇ. ಆದರೂ ಆಕೆ ಚಿತ್ರಿಸುವ ಬೆಚ್ಚಗಿನ ಮನೆಯಲ್ಲಿ ತಂದೆಗೆ ಜಾಗ ಕಮ್ಮಿ.

ಬ್ಲೋಕ್ ಆ ಜಾಗವನ್ನು ತಾನೇ ಹುಡುಕಿಕೊಂಡ. 1909ರಲ್ಲಿ ತಂದೆ ಸತ್ತ ಮೇಲೆ ಅವನು ‘ಪ್ರತೀಕಾರ’ ಎಂಬ ದೀರ್ಘ ಕಾವ್ಯಕ್ಕೆ ಕೈಹಾಕಿದ. ಅದು ಮುಗಿಯಲಿಲ್ಲ. ಅಲ್ಲಿಯ ತಂದೆ ಬರೀ ಅಪರಾಧಿಯಲ್ಲ. ಪ್ರತಿಭೆಯಿದ್ದೂ ಹಾಳಾದ ಮನುಷ್ಯ. ಮನೆಯವರು ಹೇಳದೆ ಬಿಟ್ಟದ್ದನ್ನು ಅವನು ಹೇಳಿದ. ಹಾಗೆ ಹೇಳುವ ಭಾಷೆ ಅವನಿಗೆ ಸಿಕ್ಕಿದ್ದು ಮಾತ್ರ ಆ ಮನೆಯ ಹೆಂಗಸರಿಂದಲೇ. ನನ್ನ ಪ್ರಕಾರ ಪ್ರಭಾವ ಅನ್ನೋದು ಇದು: ಸಾಕಿದವರ ಮಾತನ್ನು ಒಪ್ಪಿಸೋದಲ್ಲ, ಅವರು ಕೊಟ್ಟ ಭಾಷೆಯಲ್ಲೇ ಅವರನ್ನು ಮೀರಿ ಮಾತಾಡೋದು.

ಹಾಗಂತ ಚಿಕ್ಕಮ್ಮನನ್ನು ಅನುಮಾನಿಸಿ ಬದಿಗಿಡುವುದೂ ತಪ್ಪು. 1925ರಲ್ಲಿ ಆಕೆ ಇನ್ನೊಂದು ಪುಸ್ತಕ ತಂದಳು, ‘ಬ್ಲೋಕ್ ಮತ್ತು ಅವನ ತಾಯಿ’. ಎರಡು ಪುಸ್ತಕಗಳ ಹೆಸರಿನಲ್ಲೂ ತನಗೆ ಜಾಗ ಇಟ್ಟುಕೊಳ್ಳಲಿಲ್ಲ. 1938ರವರೆಗೆ ಬದುಕಿದ್ದಳು. ನಾವಾದರೂ ಆಕೆಯನ್ನು ಕವಿಯ ಚಿಕ್ಕಮ್ಮ ಅಂತ ಮಾತ್ರ ಓದದೆ, ಒಬ್ಬ ಲೇಖಕಿ ಅಂತ ಓದೋಣ. ಒಪ್ಪಬೇಕಾದಲ್ಲಿ ಒಪ್ಪೋಣ, ಜಗಳ ಆಡಬೇಕಾದಲ್ಲಿ ಆಡೋಣ. ಲೇಖಕಿಗೆ ಸಲ್ಲಬೇಕಾದ ಮರ್ಯಾದೆ ಅದೇ ಅಲ್ಲವೆ?