ಕಾಲುವೆ ಗೇಟಿಗೆ ಎಷ್ಟು ಪದರದ ಕಾವಲು?

ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು ಪ್ರಧಾನಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಈ ದೊಡ್ಡ ಅಂಕಿಗಳ ನೆರಳಿನಲ್ಲಿ ಸದ್ದಿಲ್ಲದೆ ಬಂದದ್ದು ಸ್ಕಾಡಾ, ಅಂದರೆ ದೂರದಿಂದಲೇ ನೋಡಿ ನಡೆಸುವ ವ್ಯವಸ್ಥೆ. ಗೇಟಿಗೆ ಮೋಟಾರ್, ನೀರಿನ ಮಟ್ಟ ನೋಡಲು ಸೆನ್ಸರ್, ದಂಡೆಯ ಮೇಲೊಂದು ಪೆಟ್ಟಿಗೆ, ಅಲ್ಲಿಂದ ಕಂಟ್ರೋಲ್ ರೂಮಿಗೆ ಸಂಪರ್ಕ. ಮುದ್ದೇಬಿಹಾಳ ತಾಲ್ಲೂಕಿನ ಅಂಚಿನಲ್ಲಿರುವ ಬಸವಸಾಗರದಿಂದ ಹೊರಟ ನೀರು ಇಂಡಿ ಶಾಖಾ ಕಾಲುವೆಯ ಕೊನೆಯ ಹೊಲ ಮುಟ್ಟಬೇಕೆಂದರೆ ಮೇಲಿನ ಗೇಟುಗಳೆಲ್ಲ ಹೊತ್ತಿಗೆ ಸರಿಯಾಗಿ ಏಳಬೇಕು, ಹೊತ್ತಿಗೆ ಸರಿಯಾಗಿ ಇಳಿಯಬೇಕು. ಚಾಲು-ಬಂದ್ ಲೆಕ್ಕದಲ್ಲಿ ಒಂದು ಸರದಿ ತಪ್ಪಿದರೆ ಇಂಡಿ, ಸಿಂದಗಿ ಕಡೆಯ ತೊಗರಿಗೆ ಏನಾಗುತ್ತದೆಂದು ಆ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಜಾಲಗಳನ್ನು ಕಾಯಲು ಜಗತ್ತು ಒಪ್ಪಿಕೊಂಡಿರುವ ಪದ್ಧತಿ ಪದರ ಪದರದ ರಕ್ಷಣೆ. ಮೇಲೆ ಕಚೇರಿಯ ಕಂಪ್ಯೂಟರುಗಳು, ಅದರ ಕೆಳಗೆ ಎರಡೂ ಕಡೆಯವರು ಸಾಮಾನು ಇಟ್ಟು ಹೋಗುವ ನಡುವಣ ವಲಯ, ಆಮೇಲೆ ಕಂಟ್ರೋಲ್ ರೂಮು, ಮೋಟಾರಿಗೆ ಆಜ್ಞೆ ಕೊಡುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರು, ಕಟ್ಟಕಡೆಗೆ ಗೇಟು. ಪ್ರತಿ ಗಡಿಗೂ ಒಂದು ಫೈರ್‌ವಾಲ್, ಪ್ರತಿ ಬಾಗಿಲಿಗೂ ಬೇರೆ ಕೀಲಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಹೆಸರಿನ ಮಾದರಿ ಈ ಮೆಟ್ಟಿಲುಗಳನ್ನು ಕೊಟ್ಟಿತು, ಐಇಸಿ 62443 ಮಾನದಂಡ ಅವನ್ನು ವಲಯ ಮತ್ತು ಮಾರ್ಗಗಳಾಗಿ ವಿಂಗಡಿಸುವ ಕ್ರಮ ಹೇಳಿತು. ಒಂದು ಪದರ ಸೋತೇ ಸೋಲುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟುವ ಈ ಬುದ್ಧಿ ನನಗೆ ಪೂರ್ತಿ ಒಪ್ಪಿಗೆ. ತಕರಾರು ಇರುವುದು ಅದನ್ನು ನಡೆಸುವ ರೀತಿಯ ಬಗ್ಗೆ.

ಪದರಗಳನ್ನು ಎಣಿಸುವುದು ಒಂದೇ ದಿನ, ಕಾಮಗಾರಿ ಹಸ್ತಾಂತರದ ದಿನ. ಆಮೇಲೆ ಉಳಿಯುವುದು ವಾರ್ಷಿಕ ನಿರ್ವಹಣೆಯ ಗುತ್ತಿಗೆ ಮತ್ತು ಗೋಡೆಗೆ ತೂಗು ಹಾಕಿದ ನಕ್ಷೆ. ನಕ್ಷೆ ಹಾಗೇ ಇರುತ್ತದೆ, ಜಾಲ ಬದಲಾಗುತ್ತದೆ. ದೂರದಿಂದ ರಿಪೇರಿ ಮಾಡಲು ಗುತ್ತಿಗೆದಾರ ಒಂದು ಮೋಡೆಮ್ ಹಾಕುತ್ತಾನೆ, ಎರಡು ದಿನಕ್ಕೆಂದು ತೆರೆದ ಫೈರ್‌ವಾಲ್ ನಿಯಮವನ್ನು ಮುಚ್ಚಲು ಯಾರಿಗೂ ನೆನಪಿರುವುದಿಲ್ಲ, ಒಂದೇ ಲ್ಯಾಪ್‌ಟಾಪ್ ಕಚೇರಿಯಲ್ಲೂ ಓಡುತ್ತದೆ, ಪಿಎಲ್‌ಸಿಗೂ ಜೋಡಣೆಯಾಗುತ್ತದೆ. ಐದೂ ಬಾಗಿಲಿಗೆ ಒಂದೇ ಪಾಸ್‌ವರ್ಡ್ ಇದ್ದರೆ ಅಲ್ಲಿರುವುದು ಒಂದೇ ಪದರ.

ಆಸ್ಟ್ರೇಲಿಯಾದ ಮರೂಚಿ ಶೈರ್ ಪ್ರಕರಣ ಇಪ್ಪತ್ತೈದು ವರ್ಷ ಹಳೆಯದು, ಆದರೂ ನೀರಿನ ಕೆಲಸ ಮಾಡುವವರು ಮೊದಲು ಓದಬೇಕಾದದ್ದು ಅದನ್ನೇ. ಅಲ್ಲಿನ ಒಳಚರಂಡಿ ಪಂಪುಗಳಿಗೆ ಸ್ಕಾಡಾ ಅಳವಡಿಸಿದ ಸಂಸ್ಥೆಯಲ್ಲಿ ದುಡಿದಿದ್ದವನೊಬ್ಬ ನೌಕರಿ ಬಿಟ್ಟು, ಸ್ಥಳೀಯ ಆಡಳಿತದಲ್ಲಿ ಕೆಲಸ ಕೇಳಿ, ಸಿಗದೆ ಹೋದಾಗ 2000ನೇ ಇಸವಿಯ ಮೊದಲ ತಿಂಗಳುಗಳಲ್ಲಿ ಕಾರಿನಲ್ಲಿ ಲ್ಯಾಪ್‌ಟಾಪ್ ಮತ್ತು ರೇಡಿಯೊ ಇಟ್ಟುಕೊಂಡು ಪಂಪುಗಳಿಗೆ ಸುಳ್ಳು ಆಜ್ಞೆ ಕಳಿಸತೊಡಗಿದ. ಸುಮಾರು ಎಂಟು ಲಕ್ಷ ಲೀಟರ್ ಕೊಳಚೆ ಉದ್ಯಾನ, ಹಳ್ಳಗಳಿಗೆ ಹರಿಯಿತು. ಮೊದಮೊದಲು ಎಲ್ಲರೂ ಹೊಸ ಯಂತ್ರದ ದೋಷವೆಂದೇ ತಿಳಿದರು. ಹೊರಗಿನ ಶತ್ರುವಿಗೆಂದು ಕಟ್ಟಿದ ಗೋಡೆಗಳಿಗೆ, ಬೀಗ ಹಾಕಿಕೊಟ್ಟವನೇ ತಿರುಗಿ ಬಂದರೆ ಗುರುತು ಹತ್ತುವುದಿಲ್ಲ. ಗುತ್ತಿಗೆದಾರ ಬದಲಾದ ದಿನ ಕೀಲಿಗಳೂ ಬದಲಾಗುತ್ತವೆಯೇ ಎಂಬುದು ಯಾವುದೇ ಕಾಲುವೆ ಜಾಲದ ಮರುಪರಿಶೀಲನೆಯ ಮೊದಲ ಪ್ರಶ್ನೆಯಾಗಬೇಕು.

ಈಚಿನದು ನಾರ್ವೆಯದು. 2025ರ ಏಪ್ರಿಲ್‌ನಲ್ಲಿ ರೀಸೆವಾಟ್ನೆಟ್ ಸರೋವರದ ಅಣೆಕಟ್ಟಿನ ಕವಾಟವನ್ನು ದೂರದಿಂದ ಯಾರೋ ಪೂರ್ತಿ ತೆರೆದರು. ನಾಲ್ಕು ಗಂಟೆ ನೀರು ಹರಿಯಿತು. ಕಾರಣವೆಂದು ಬೊಟ್ಟು ಮಾಡಿದ್ದು ದುರ್ಬಲ ಪಾಸ್‌ವರ್ಡ್ ಕಡೆಗೆ. ಪ್ರಮಾಣ ಸಣ್ಣದಿತ್ತು, ಹಾನಿಯಾಗಲಿಲ್ಲ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಬೋಮನ್ ಅವೆನ್ಯೂ ಅಣೆಕಟ್ಟಿನ ನಿಯಂತ್ರಣ ವ್ಯವಸ್ಥೆಗೂ ಒಬ್ಬ ನುಗ್ಗಿದ್ದ. ಆದರೆ ರಿಪೇರಿಗೆಂದು ಗೇಟಿನ ಸಂಪರ್ಕ ಕಿತ್ತಿಟ್ಟಿದ್ದರು, ಅವನ ಕೈಗೆ ಗೇಟು ಸಿಗಲಿಲ್ಲ. ಅಲ್ಲಿ ಉಳಿಸಿದ್ದು ಯಾವ ನಕ್ಷೆಯಲ್ಲೂ ಬರೆಯದ ಪದರ!

ನಮ್ಮಲ್ಲಿಯೇ 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಆಡಳಿತ ಜಾಲದ ಕಂಪ್ಯೂಟರಿಗೆ ಕುತಂತ್ರಾಂಶ ಹೊಕ್ಕಿತ್ತು. ಸ್ಥಾವರವನ್ನು ನಡೆಸುವ ಜಾಲ ಬೇರೆಯೇ ಆಗಿದ್ದರಿಂದ ಅದಕ್ಕೆ ತಟ್ಟಲಿಲ್ಲ ಎಂದಿತು ಅಣುವಿದ್ಯುತ್ ನಿಗಮ. ಪದರ ಹಿಡಿದು ನಿಂತಿತು, ಒಪ್ಪೋಣ. ಆದರೆ ನಿಗಮ ಹೀಗೆ ಹೇಳುವ ಹಿಂದಿನ ದಿನವಷ್ಟೇ ಸ್ಥಾವರದ ನಿಯಂತ್ರಣ ವ್ಯವಸ್ಥೆಯ ಮೇಲೆ ದಾಳಿ ಸಾಧ್ಯವೇ ಇಲ್ಲ ಎಂಬ ಹೇಳಿಕೆ ಹೊರಬಿದ್ದಿತ್ತು. ತಮ್ಮ ಗೋಡೆಯ ಮೇಲೆ ಇಷ್ಟು ಭರವಸೆ ಇಟ್ಟುಕೊಂಡವರು ಅದನ್ನು ತಟ್ಟಿ ನೋಡುವುದು ಕಡಿಮೆ.

ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರವಿದೆ, ಅದಕ್ಕೆ ನೀರು ಆಲಮಟ್ಟಿಯದು. ವಿದ್ಯುತ್ ವಲಯಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿತು, ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕೆಂದಿತು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಘಟನೆ ನಡೆದರೆ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಒಳ್ಳೆಯದೇ. ಆದರೆ ಕೂಡಗಿಯ ಬಾಯ್ಲರ್‌ಗೆ ಬೇಕಾದ ನೀರಿನ ದಾರಿಯನ್ನೂ ಹೊಲಗಳ ನೀರಿನ ದಾರಿಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಾಯಬೇಕೆಂಬ ಒತ್ತಾಯ ಜನರ ಕಡೆಯಿಂದ ಎದ್ದದ್ದು ನಾನು ಕೇಳಿಲ್ಲ.

ಲೆಕ್ಕಪರಿಶೋಧನೆಯ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಪ್ರಶ್ನಾವಳಿ ತುಂಬುವ ಕೆಲಸ. ಫೈರ್‌ವಾಲ್ ಇದೆಯೇ? ಇದೆ. ಗುರುತು ಹಾಕಿ. ಇಂಡಿ, ಸಿಂದಗಿ ಕಡೆಯ ಸಕ್ಕರೆ ಕಾರ್ಖಾನೆಗೆ ಹೋದರೆ ಬಾಯ್ಲರ್ ಪರೀಕ್ಷೆಯ ಕ್ರಮವೇ ಬೇರೆ. ಹಂಗಾಮು ಮುಗಿದ ಮೇಲೆ ಬಾಯ್ಲರ್ ಬಿಚ್ಚುತ್ತಾರೆ, ಟ್ಯೂಬು ನೋಡುತ್ತಾರೆ, ಇನ್‌ಸ್ಪೆಕ್ಟರ್ ಎದುರಿಗೇ ಹೈಡ್ರಾಲಿಕ್ ಟೆಸ್ಟ್ ಮಾಡಿ ಒತ್ತಡ ನಿಲ್ಲುತ್ತದೆಯೇ ಎಂದು ಕಾಯುತ್ತಾರೆ. ಬಾಯ್ಲರ್ ಇದೆಯೇ ಎಂದು ಕೇಳಿ ಪ್ರಮಾಣಪತ್ರ ಕೊಡುವವರು ಯಾರಿದ್ದಾರೆ? ಅದೇ ಆಫ್ ಸೀಜನ್‌ನಲ್ಲಿ ಕಾರ್ಖಾನೆಯ ಕಂಟ್ರೋಲ್ ಜಾಲಕ್ಕೂ ಒತ್ತಡ ಕೊಟ್ಟು ನೋಡಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಉಕ್ರೇನಿನಲ್ಲಿ 2015ರ ಡಿಸೆಂಬರ್ 23ರಂದು ಸೈಬರ್ ದಾಳಿಯಿಂದ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋದಾಗ ನೌಕರರು ಸಬ್‌ಸ್ಟೇಷನ್ನಿಗೇ ಹೋಗಿ ಬ್ರೇಕರ್‌ಗಳನ್ನು ಕೈಯಿಂದ ಹಾಕಿದರು, ಕೆಲವೇ ಗಂಟೆಗಳಲ್ಲಿ ದೀಪ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ಸೈಬರ್ ದಾಳಿಯಲ್ಲ. ಆದರೆ ಮುರಿದ ಗೇಟಿನ ಮುಂದೆ ಇಳಿಸಲು ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರಂಥ ಅನುಭವಿ ಬಂದು ಹರಿಯುವ ನೀರಿನಲ್ಲೇ ಅದನ್ನು ಕೂರಿಸಬೇಕಾಯಿತು. ಎರಡೂ ಕಡೆ ಉಳಿಸಿದ್ದು ಕೈಕೆಲಸ ಬಲ್ಲ ಮನುಷ್ಯರು. ಯಾಂತ್ರೀಕರಣ ಬಂದಲ್ಲೆಲ್ಲ ಮೊದಲು ಕಡಿಮೆ ಮಾಡುವುದೂ ಅವರನ್ನೇ. ದಂಡೆಯ ಮೇಲೆ ಓಡಾಡುವ ಗ್ಯಾಂಗ್‌ಮನ್ ಯಾವ ಭದ್ರತಾ ನಕ್ಷೆಯಲ್ಲೂ ಇಲ್ಲ.

ಗೇಟಿನ ಪಕ್ಕದ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ ಹೆಬ್ಬೆರಳಷ್ಟು ದೊಡ್ಡ ತಿರುಗುವ ಸ್ವಿಚ್ ಇರುತ್ತದೆ. ಒಂದು ಕಡೆ ಲೋಕಲ್, ಇನ್ನೊಂದು ಕಡೆ ರಿಮೋಟ್. ಲೋಕಲ್‌ಗೆ ತಿರುಗಿಸಿದರೆ ದೂರದ ಆಜ್ಞೆ ನಡೆಯಬಾರದು. ಇಲ್ಲೊಂದು ಸೂಕ್ಷ್ಮವಿದೆ. ಆ ಸ್ವಿಚ್ ದೂರದ ಆಜ್ಞೆ ಮೋಟಾರಿಗೆ ಮುಟ್ಟುವ ತಂತಿಯನ್ನೇ ಕಡಿಯುವಂತಿದ್ದರೆ ಯಾವ ಹ್ಯಾಕರನೂ ದೂರದಿಂದ ಗೇಟು ಅಲುಗಿಸಲಾರ. ಅದು ಪಿಎಲ್‌ಸಿಯ ಪ್ರೋಗ್ರಾಮಿಗೆ ಸುದ್ದಿ ಮಾತ್ರ ಮುಟ್ಟಿಸುವಂತಿದ್ದರೆ, ಪ್ರೋಗ್ರಾಮು ಕೆಟ್ಟ ದಿನ ಸ್ವಿಚ್ಚೂ ಕೆಟ್ಟಂತೆಯೇ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ, ಪ್ರಶ್ನಾವಳಿಯಲ್ಲಂತೂ ಎರಡಕ್ಕೂ ಒಂದೇ ಗುರುತು ಬೀಳುತ್ತದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮುಂಚೆ ಮತ್ತು ನಂತರ ಅಣೆಕಟ್ಟಿನ ತಪಾಸಣೆ ಕೇಳುತ್ತದೆ. ರೋಪು, ಚೈನು, ರಬ್ಬರ್ ಸೀಲು ನೋಡುವ ಅದೇ ಭೇಟಿಗೆ ಕಂಟ್ರೋಲ್ ಜಾಲದ ಪರೀಕ್ಷೆಯನ್ನೂ ಸೇರಿಸಬಹುದು, ಕಾಲುವೆಗೂ ಅದೇ ಪರಿಪಾಠ ತರಬಹುದು. ಕಾಲುವೆ ಬಂದ್ ಇರುವ ದಿನ ಕಂಟ್ರೋಲ್ ರೂಮಿನ ಸಂಪರ್ಕ ಕಿತ್ತು, ಪಿಎಲ್‌ಸಿಯ ಕರೆಂಟು ತೆಗೆದು, ಸ್ವಿಚ್ ಲೋಕಲ್‌ಗೆ ತಿರುಗಿಸಿ, ಹ್ಯಾಂಡಲ್ ಹಾಕಿ ಗೇಟು ಎತ್ತಿ ನೋಡಲಿ. ಹ್ಯಾಂಡಲ್ ಎಲ್ಲಿದೆ ಎಂದು ಹುಡುಕಲು ಹಿಡಿದ ಹೊತ್ತನ್ನೂ ವರದಿಯಲ್ಲಿ ಬರೆಯಲಿ.