ಯಾವ ಎಪಿ ಯಾರ ಪಾಲಿಗೆ

ನೆಟ್‌ವರ್ಕ್ ಕೆಲಸದವರ ನಡುವೆ ‘ಉಪ್ಪು-ಮೆಣಸು’ ಎಂಬ ಮಾತೊಂದು ಬಹಳ ವರ್ಷಗಳಿಂದ ಓಡಾಡಿಕೊಂಡಿದೆ. ಕಾರಿಡಾರಿನ ಸೀಲಿಂಗಿಗೆ ಸಾಲಾಗಿ ಹೊಡೆದ ವೈಫೈ ಆಕ್ಸೆಸ್ ಪಾಯಿಂಟುಗಳನ್ನು, ನಮ್ಮ ಬಾಯಲ್ಲಿ ಎಪಿಗಳನ್ನು, ಒಂದು ಬಿಟ್ಟು ಒಂದರಂತೆ ಎರಡು ಕಂಟ್ರೋಲರುಗಳಿಗೆ ಹಂಚುವ ಪದ್ಧತಿ ಅದು. ಒಂದು ಕಂಟ್ರೋಲರ್ ಮಲಗಿದರೂ ಕಟ್ಟಡ ಪೂರ್ತಿ ಕತ್ತಲಾಗುವುದಿಲ್ಲ, ಪಕ್ಕದ ಎಪಿ ಕೈಹಿಡಿಯುತ್ತದೆ ಎಂಬುದು ಲೆಕ್ಕಾಚಾರ. ಕೇಳಲು ಎಷ್ಟು ಸೊಗಸಾಗಿದೆಯೆಂದರೆ, ಮೀಟಿಂಗಿನಲ್ಲಿ ಇದನ್ನು ಹೇಳಿದವರಿಗೆ ಯಾರೂ ಎದುರಾಡಿದ್ದನ್ನು ನಾನು ನೋಡಿಲ್ಲ. ನಾನೂ ಒಂದು ಕಾಲಕ್ಕೆ ಹೀಗೇ ಹಂಚಿದವನು. ಈಗ ಕೇಳಿದರೆ, ಅದು ಕೆಟ್ಟ ಪದ್ಧತಿ ಅನ್ನುತ್ತೇನೆ.

ಮೊದಲು ಒಂದೊಂದು ಎಪಿಯೂ ತನ್ನ ಬುದ್ಧಿ ತಾನೇ ಹೊತ್ತಿರುತ್ತಿತ್ತು. ಏರ್‌ಸ್ಪೇಸ್‌ನಂಥ ಕಂಪನಿಗಳು ಆ ಬುದ್ಧಿಯನ್ನು ಕಿತ್ತು ಕಂಟ್ರೋಲರ್ ಎಂಬ ಒಂದು ಪೆಟ್ಟಿಗೆಯಲ್ಲಿ ಇಟ್ಟವು. 2005ರಲ್ಲಿ ಸಿಸ್ಕೊ ಏರ್‌ಸ್ಪೇಸನ್ನೇ ಕೊಂಡುಕೊಂಡಿತು. 2009ರಲ್ಲಿ ಕ್ಯಾಪ್‌ವ್ಯಾಪ್ ಎಂಬ ಪ್ರೋಟೊಕಾಲ್ ಎಲ್ಲರಿಗೂ ಒಪ್ಪಿತವಾಗುವ ರೂಪದಲ್ಲಿ ಬಂತು. ಎಪಿಗೂ ಕಂಟ್ರೋಲರಿಗೂ ನಡುವೆ ಎರಡು ಸುರಂಗ: ಯುಡಿಪಿ 5246ರಲ್ಲಿ ಆಜ್ಞೆಗಳು, 5247ರಲ್ಲಿ ಜನರ ಡೇಟಾ. ಅಲ್ಲಿಂದ ಮುಂದೆ ‘ಯಾವ ಎಪಿ ಯಾರ ಪಾಲಿಗೆ’ ಎನ್ನುವುದು ದೊಡ್ಡ ಕ್ಯಾಂಪಸ್ಸುಗಳ ಖಾಯಂ ತಕರಾರಾಯಿತು.

ಒಂದು ಗುಟ್ಟು ಹೇಳಬೇಕು. ಜಗತ್ತಿನ ಅರ್ಧ ಉಪ್ಪು-ಮೆಣಸು ಯಾರೂ ಯೋಚಿಸಿ ಬೆರೆಸಿದ್ದಲ್ಲ. ಡಬ್ಬಿಯಿಂದ ತೆಗೆದ ಹೊಸ ಎಪಿ ಡಿಎಚ್‌ಸಿಪಿಯ ಆಪ್ಷನ್ 43ರಿಂದಲೋ ಡಿಎನ್‌ಎಸ್ ಹೆಸರಿನಿಂದಲೋ ಕಂಟ್ರೋಲರುಗಳ ವಿಳಾಸ ತಿಳಿದುಕೊಳ್ಳುತ್ತದೆ. ಪ್ರೈಮರಿ, ಸೆಕೆಂಡರಿ, ಟರ್ಶಿಯರಿ ಎಂದು ನಾವು ಹೆಸರು ಬರೆದುಕೊಟ್ಟಿದ್ದರೆ ಸರಿ. ಇಲ್ಲವಾದರೆ ಯಾರ ಬಳಿ ಜಾಗ ಹೆಚ್ಚಿದೆಯೋ ಅವರ ಮನೆಗೆ ಹೋಗುತ್ತದೆ. ಕಾಂಟ್ರಾಕ್ಟರಿನ ಹುಡುಗರು ಏಣಿ ಹಾಕಿ ಒಂದಾದ ಮೇಲೊಂದು ಎಪಿ ಹಚ್ಚುತ್ತ ಹೋದಂತೆ ಅವು ತಾವೇ ಆ ಕಡೆ ಒಂದು ಈ ಕಡೆ ಒಂದು ಹಂಚಿಹೋಗುತ್ತವೆ. ಆಮೇಲೆ ಯಾರಾದರೂ ಕೇಳಿದರೆ ‘ಬೇಕೆಂದೇ ಮಾಡಿದ್ದು, ರಿಡಂಡೆನ್ಸಿಗೆ’ ಎಂದು ನಾವು ಗಂಭೀರ ಮುಖ ಮಾಡುತ್ತೇವೆ.

ಇದರ ಬೆಲೆ ತೆರುವವನು ನಡೆಯುವ ಮನುಷ್ಯ. ಒಂದೇ ಕಂಟ್ರೋಲರಿನ ಎರಡು ಎಪಿಗಳ ನಡುವೆ ಫೋನು ಜಿಗಿದರೆ, ಪೆಟ್ಟಿಗೆಯೊಳಗಿನ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರಾಯಿತು. ಎರಡು ಕಂಟ್ರೋಲರುಗಳ ನಡುವೆ ಜಿಗಿದರೆ ಅವೆರಡೂ ಮಾತಾಡಿಕೊಳ್ಳಬೇಕು. ಸಬ್‌ನೆಟ್ ಒಂದೇ ಇದ್ದರೆ ಆ ಸಾಲು ಇಲ್ಲಿಂದ ಅಲ್ಲಿಗೆ ವರ್ಗವಾಗುತ್ತದೆ. ಬೇರೆ ಇದ್ದರೆ ಹಳೆಯದು ಆಂಕರ್ ಆಗಿ ಉಳಿದು, ಹೊಸದು ಫಾರಿನ್ ಆಗಿ, ನಡುವೆ ಇನ್ನೊಂದು ಸುರಂಗ ಬೀಳುತ್ತದೆ. ಕಾರಿಡಾರಿನಲ್ಲಿ ಐದು ಎಪಿ ದಾಟಿದ ಹುಡುಗಿ ನಾಲ್ಕು ಸಲ ಗಡಿ ದಾಟಿದಂತೆ. ಒಂದೇ ಬೀದಿಯ ಬೆಸಸಂಖ್ಯೆಯ ಮನೆಗಳನ್ನು ಒಂದು ಪೊಲೀಸ್ ಠಾಣೆಗೆ, ಸಮಸಂಖ್ಯೆಯವನ್ನು ಇನ್ನೊಂದಕ್ಕೆ ಸೇರಿಸಿದರೆ ಹೇಗಿರುತ್ತದೆ? ಕಳ್ಳ ಪಕ್ಕದ ಮನೆಗೆ ಹಾರಿದನೆಂದರೆ ಕಾಗದಪತ್ರ ಶುರು. ಎರಡು ಕಂಟ್ರೋಲರುಗಳು ಒಂದೇ ಮೊಬಿಲಿಟಿ ಗ್ರೂಪಿನಲ್ಲಿ ಇಲ್ಲದಿದ್ದರಂತೂ ಫೋನಿನ ಭದ್ರತಾ ಕೀಲಿಯ ನೆನಪೂ ಹಂಚಿಕೆಯಾಗುವುದಿಲ್ಲ. ಪ್ರತಿ ಸಲ ಮೊದಲಿನಿಂದ ದೃಢೀಕರಣ, ಅಷ್ಟರಲ್ಲಿ ಕಾಲ್ ‘ಹಲೋ... ಹಲೋ’ ಎನ್ನುತ್ತಿರುತ್ತದೆ.

ಕಂಟ್ರೋಲರ್ ಬೀಳುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಜನ ನಡೆಯುವುದು ದಿನವಿಡೀ. ಅಪರೂಪದ ಭಯಕ್ಕಾಗಿ ದಿನದ ಕೆಲಸವನ್ನು ಹಾಳುಗೆಡಹುವ ವ್ಯವಸ್ಥೆ ಇದು. ಆ ಭಯಕ್ಕಾದರೂ ಮದ್ದಾಗುತ್ತದೆಯೇ? ಅದೂ ಇಲ್ಲ. ಕಂಟ್ರೋಲರ್ ಸತ್ತರೆ ಎಪಿ ಸಾಯುವುದಿಲ್ಲ. ಸೆಕೆಂಡರಿಯ ಬಾಗಿಲು ತಟ್ಟುತ್ತದೆ. 2012ರಲ್ಲಿ ಸಿಸ್ಕೊ ಕಂಟ್ರೋಲರ್ ಸಾಫ್ಟ್‌ವೇರಿನ 7.3 ಆವೃತ್ತಿ ಬಂದ ಮೇಲೆ ಎರಡು ಪೆಟ್ಟಿಗೆಗಳನ್ನು ಜೋಡಿ ಮಾಡಿಟ್ಟರೆ, ಒಂದು ಹೋದದ್ದು ಎಪಿಗಳಿಗೆ ಗೊತ್ತೇ ಆಗದಂತೆ ಇನ್ನೊಂದು ಕೂರುವುದೂ ಸಾಧ್ಯವಾಯಿತು.

ನನಗೆ ಬುದ್ಧಿ ಬಂದದ್ದು ಒಂದು ಹಾಸ್ಟೆಲ್ಲಿನಲ್ಲಿ. ಕಂಟ್ರೋಲರ್ ಎಗೆ ಹೊಸ ಸಾಫ್ಟ್‌ವೇರ್ ಹಾಕಿದ್ದೆ. ಬಿಯನ್ನು ಮುಂದಿನ ಶನಿವಾರ ನೋಡೋಣ ಎಂದು ಬಿಟ್ಟಿದ್ದೆ. ಅದೇ ವಾರ ರಾತ್ರಿ ಯುಪಿಎಸ್ ಕೈಕೊಟ್ಟು ಎ ಕುಸಿಯಿತು. ಅದರ ಎಪಿಗಳು ಬಿಗೆ ಓಡಿದವು. ಎಪಿಯ ಸಾಫ್ಟ್‌ವೇರ್ ಕಂಟ್ರೋಲರಿನದ್ದೇ ಆಗಿರಬೇಕೆಂಬುದು ನಿಯಮ, ಹೀಗಾಗಿ ಎಲ್ಲವೂ ಬೇರೆ ಇಮೇಜಿಗೆ ಬದಲಾಗಿ ರೀಬೂಟ್ ಆಗತೊಡಗಿದವು. ಅಷ್ಟರಲ್ಲಿ ಎ ಎದ್ದಿತು. ಪ್ರೈಮರಿ ಎದ್ದೊಡನೆ ಅದಕ್ಕೇ ಮರಳುವ ಫಾಲ್‌ಬ್ಯಾಕ್ ಆನ್ ಇತ್ತಲ್ಲ, ಎಲ್ಲವೂ ಹಿಂದಕ್ಕೆ, ಮತ್ತೆ ರೀಬೂಟ್. ಯುಪಿಎಸ್ ಮತ್ತೊಮ್ಮೆ ಕೈಕೊಟ್ಟಿತು. ಕಾರಿಡಾರಿನಲ್ಲಿ ನಿಂತು ನೋಡಿದರೆ ಒಂದು ಎಪಿಯ ದೀಪ ನೆಟ್ಟಗೆ, ಪಕ್ಕದ್ದು ಮಿಣಮಿಣ, ಅದರಾಚೆಯದು ನೆಟ್ಟಗೆ. ಪಕ್ಕದ ಎಪಿ ಕೈಹಿಡಿಯುತ್ತದೆ ಎಂಬ ಮಾತು ಗೋಡೆಗಳನ್ನು ಕೇಳಿರಲಿಲ್ಲ. ಎರಡು ಎಪಿ ಆಚೆಯ ಸಿಗ್ನಲ್ಲನ್ನು ಹಿಡಿದು ಫೋನುಗಳು ತೂಗಾಡುತ್ತಿದ್ದವು. ‘ಸಾರ್, ವೈಫೈ ಇದೆ, ಆದರೆ ಇಲ್ಲ’ ಎಂದ ಒಬ್ಬ ಹುಡುಗ. ಇಡೀ ಬ್ಲಾಕ್ ಕತ್ತಲಾಗಿದ್ದರೆ ಎರಡೇ ನಿಮಿಷದಲ್ಲಿ ಕಾರಣ ತಿಳಿಯುತ್ತಿತ್ತು. ಅರ್ಧ ಬೆಳಕಿನಲ್ಲಿ ಎರಡು ಪೆಟ್ಟಿಗೆಯ ಲಾಗುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬೆಳಗಿನ ಜಾವದವರೆಗೆ ಕೂತೆ.

ನ್ಯಾಯವಾಗಿ ಹೇಳಬೇಕೆಂದರೆ ಈ ಪದ್ಧತಿಗೆ ಒಂದು ಗುಣವಿತ್ತು: ಅಪ್‌ಗ್ರೇಡಿನ ದಿನ ಅರ್ಧ ಎಪಿಗಳಾದರೂ ಎದ್ದಿರುತ್ತಿದ್ದವು. ಸಿಸ್ಕೊದ ಈಗಿನ ಕಂಟ್ರೋಲರ್ ಕ್ಯಾಟಲಿಸ್ಟ್ 9800 ಆ ಕೆಲಸವನ್ನು ತಾನೇ ಮಾಡುತ್ತದೆ. ಯಾವ ಎಪಿಗೆ ಯಾವುದು ನೆರೆ ಎಂದು ರೇಡಿಯೊದಿಂದಲೇ ತಿಳಿದು, ಶೇ. 5, 15 ಅಥವಾ 25ರಂತೆ ಸರದಿಯಲ್ಲಿ ಬದಲಿಸುತ್ತದೆ.

ತಮಾಷೆಯೆಂದರೆ, ಹೊರಗೆ ಹೋದ ಭೂತ ಒಳಗೆ ಬಂದು ಕೂತಿದೆ. 9800-80 ಒಂದೇ ಪೆಟ್ಟಿಗೆ 6000 ಎಪಿ, 64000 ಕ್ಲೈಂಟುಗಳನ್ನು ಹೊರುತ್ತದೆ. ಅದರೊಳಗೆ ಎಂಟು ಪ್ರತ್ಯೇಕ ಪ್ರೊಸೆಸ್ಸುಗಳು. ಯಾವ ಎಪಿ ಯಾವುದಕ್ಕೆ ಎಂಬುದು ಎಪಿಗೆ ನಾವು ಕೊಡುವ ಸೈಟ್ ಟ್ಯಾಗಿನ ಮೇಲೆ ನಿಂತಿದೆ. ಟ್ಯಾಗ್ ಕೊಡದೆ ಡಿಫಾಲ್ಟಿನಲ್ಲೇ ಬಿಟ್ಟರೆ ಸರದಿಯಂತೆ ಹಂಚಿಹೋಗುತ್ತವೆ, ಅದೇ ಹಳೆಯ ಉಪ್ಪು-ಮೆಣಸು. ಇನ್ನೊಂದು ಕಂಪನಿ, ಅರೂಬಾದವರು, ಪ್ರಶ್ನೆಯನ್ನೇ ಬದಲಿಸಿದರು. ಅವರ ಸಾಫ್ಟ್‌ವೇರಿನ ಎಂಟನೆಯ ಆವೃತ್ತಿಯ ಕ್ಲಸ್ಟರಿನಲ್ಲಿ ಎಪಿಯ ಯಜಮಾನ ಬೇರೆ, ಬಳಕೆದಾರನ ಯಜಮಾನ ಬೇರೆ. ಫೋನಿನ ಮ್ಯಾಕ್ ವಿಳಾಸವನ್ನು ಹ್ಯಾಶ್ ಮಾಡಿ ಅವನಿಗೊಂದು ಕಂಟ್ರೋಲರ್ ಗೊತ್ತುಮಾಡುತ್ತಾರೆ, ಕ್ಯಾಂಪಸ್ಸಿನಲ್ಲಿ ಎಲ್ಲಿ ಅಲೆದರೂ ಅದೇ. ಮನೆಗಲ್ಲ, ಮನುಷ್ಯನಿಗೇ ಠಾಣೆ ಕಟ್ಟಿದ ಹಾಗೆ. ನನಗೆ ಇದು ಹೆಚ್ಚು ಜಾಣತನದ್ದು ಅನ್ನಿಸುತ್ತದೆ, ಆದರೆ ಇದ್ದ ಪೆಟ್ಟಿಗೆಗಳನ್ನು ಎಸೆಯುವ ದುಡ್ಡು ಎಲ್ಲರ ಬಳಿ ಇರುವುದಿಲ್ಲ.

ಹಾಗಾದರೆ ‘ಕಟ್ಟಡಕ್ಕೊಂದು ಕಂಟ್ರೋಲರ್’ ಎನ್ನೋಣವೇ? ಅದೂ ನಕ್ಷೆ ನೋಡಿ ಹುಟ್ಟಿದ ಮಾತು. ಗಡಿ ಎಳೆಯಬೇಕಾದದ್ದು ಸಿಗ್ನಲ್ ತಾನಾಗಿಯೇ ಕಡಿಯುವಲ್ಲಿ: ಆಟದ ಬಯಲು, ಅಗಲವಾದ ರಸ್ತೆ, ಮರಗಳ ತೋಪು. ಆ ಹಾಸ್ಟೆಲ್ಲನ್ನು ಮರುಹಂಚುವಾಗ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಸುಮ್ಮನೆ ನಿಂತೆ. ಕಡತದಲ್ಲಿ ಮೆಸ್ಸು ಆಡಳಿತ ವಿಭಾಗಕ್ಕೆ ಸೇರಿದ್ದರಿಂದ ಅದರ ಎಪಿಗಳು ಆಫೀಸ್ ಬ್ಲಾಕಿನ ಕಂಟ್ರೋಲರಿನಲ್ಲಿದ್ದವು. ಹಾಸ್ಟೆಲ್ಲಿನಿಂದ ಮೆಸ್ಸಿಗೆ ಶೀಟು ಹೊದಿಸಿದ ದಾರಿ. ಕೈಯಲ್ಲಿ ತಟ್ಟೆ, ಕಿವಿಯಲ್ಲಿ ಇಯರ್‌ಫೋನು, ವಿಡಿಯೊ ಕಾಲಿನಲ್ಲಿ ಅಮ್ಮ, ಸಾಲುಸಾಲು ಹುಡುಗರು. ಆಫೀಸಿನ ಕಡೆಯಿಂದ ಒಬ್ಬ ಗುಮಾಸ್ತರೂ ಬರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಮೆಸ್ಸಿನ ಎಪಿಗಳ ಪ್ರೈಮರಿ ಹೆಸರು ಬದಲಿಸಲು ಹೊರಟೆ. ಊಟದ ಹೊತ್ತು ಎಂದು ನೆನಪಾಗಿ, ಮೂರು ಗಂಟೆಯವರೆಗೆ ಕಾದೆ.